ಮಾಗಿ ಚಳೀಲಿ ಹುದುಗು

ಮಾಗಿ ಚಳಿ ಇಳಿದ್ರೆ ನಮ್ಮ ಆವತಿ ಮನೆಗಳಲ್ಲಿ ಮೂರು ಕೆಲಸ ಕೈಕೊಡ್ತವೆ. ಹಾಲು ಹೆಪ್ಪುಗೂಡಲ್ಲ, ದೋಸೆ ಹಿಟ್ಟು ಉಬ್ಬಲ್ಲ, ನೆನೆಸಿ ಕಟ್ಟಿದ ರಾಗಿ ಮೊಳಕೆ ಒಡೆಯಲ್ಲ. ಮೂರಕ್ಕೂ ಕಾರಣ ಒಂದೇ. ಕಣ್ಣಿಗೆ ಕಾಣದ ಜೀವಕ್ಕೂ ನಮ್ಮಂಗೆ ಚಳಿ ಆಯ್ತದೆ, ಮುದುರ್ಕೊಂಡು ಮಲಗಿಬಿಡ್ತದೆ. ಅದನ್ನ ಎಬ್ಬಿಸೋ ವಿದ್ಯೆ ನಮ್ಮ ಅಜ್ಜಿ, ಅವ್ವಂದಿರಿಗೆ ಚೆನ್ನಾಗಿ ಗೊತ್ತಿತ್ತು. ಆ ವಿದ್ಯೆಗೆ ಎಷ್ಟು ಸಾವಿರ ವರ್ಷದ ಚರಿತ್ರೆ ಐತೆ, ಅದು ಎಲ್ಲೆಲ್ಲಿ ಓಡಾಡ್ತು, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದನ್ನ ಈ ಸಲ ಬರೀತೀನಿ. ಮಧ್ಯದಲ್ಲಿ ಬೀರಿನ ವಿಚಾರ ಬರ್ತದೆ. ಮೂಗು ಮುರೀಬೇಡ್ರವ್ವ, ಪೂರ್ತಿ ಓದಿ.

ಬೀರು ಹೆಂಗೆ ಬಂತು ಅಂದ್ರೆ, ನನ್ನ ತಂಗಿ ಮಗ ಕೆನಡಾದಲ್ಲವ್ನೆ. ಕಳೆದ ತಿಂಗಳು ಫೋನ್ ಮಾಡಿ, "ದೊಡ್ಡವ್ವ, ಮನೆ ಕೆಳಗಡೆ ರೂಮಲ್ಲಿ ಬೀರು ಮಾಡೋಕೆ ಇಟ್ಟಿದೀನಿ. ಎರಡು ದಿನ ಆಯ್ತು, ಒಂದು ಗುಳ್ಳೇನೂ ಏಳ್ತಿಲ್ಲ. ಚಳೀಲಿ ನೀವು ಅಂಬಲಿಗೆ ಹುಳಿ ಹೆಂಗೆ ಬರ್ಸ್ತಿದ್ರಿ?" ಅಂದ. ಮನೆ ಬಳಕೆಗೆ ಮಾಡ್ಕೊಳ್ಳೋಕೆ ಆ ದೇಶದಲ್ಲಿ ಕಾನೂನು ಅಡ್ಡ ಇಲ್ಲ. ಆದ್ರೆ ಪಕ್ಕದಲ್ಲೇ ಕೂತಿದ್ದ ನನ್ನ ತಂಗಿ ಮುಖ ಕೆಂಪಾಯ್ತು. ಅವಳ ಮಾವ ಸಾರಾಯಿಗೆ ಎರಡು ಎಕರೆ ಖುಷ್ಕಿ ಹೊಲ ಕಳೆದೋರು. ಆ ಹೊಲ ಇವತ್ತು ಇದ್ದಿದ್ರೆ, ಏರ್‌ಪೋರ್ಟ್ ಬಂದ ಮೇಲೆ ಅದರ ಬೆಲೆ ಎಷ್ಟು ಅಂತ ನಾನು ಹೇಳ್ಬೇಕಾಗಿಲ್ಲ. "ಅವನಿಗೆ ಏನೂ ಹೇಳ್ಕೊಡ್ಬೇಡ ಅಕ್ಕಾ" ಅಂದ್ಲು. ಹೇಳ್ಕೊಡಬೇಕಾ ಬೇಡ್ವಾ ಅಂತ ನಾನು ಯೋಚನೆ ಮಾಡ್ತಾ ಕೂತಾಗ್ಲೇ ಈ ಓದೆಲ್ಲ ಶುರುವಾಗಿದ್ದು.

ಬೀರು ಅಂದ್ರೆ ನಾವಂದ್ಕೊಂಡಂಗೆ ಫ್ಯಾಕ್ಟರಿ ಮಾಯೆ ಅಲ್ಲ. ಅದರಲ್ಲಿ ಇರೋದು ಎರಡು ಕೆಲಸ. ಮೊದಲನೇದು ಕಾಳನ್ನ ಮೊಳಕೆ ಬರ್ಸಿ ಒಣಗ್ಸಿ ಅದರೊಳಗಿನ ಸಿಹಿ ಹೊರಗೆ ತರೋದು. ಎರಡನೇದು ಆ ಸಿಹಿ ನೀರಿಗೆ ಹುದುಗು, ಅಂದ್ರೆ ಯೀಸ್ಟು, ಹಾಕಿ ಬಿಡೋದು. ಮೊದಲನೇ ಕೆಲಸ ನಮ್ಮ ಹಟ್ಟಿಗಳಲ್ಲಿ ಯಾವತ್ತಿಂದಲೂ ನಡೀತಾನೇ ಐತೆ. ನಾವು ಅದನ್ನ ಕೂಸಿನ ಬಾಯಿಗೆ ಹಾಕ್ತೀವಿ, ಅಷ್ಟೇ ವ್ಯತ್ಯಾಸ.

ಮಕ್ಕಳಿಗೆ ರಾಗಿ ಸರಿ ಮಾಡೋದು ನೆನಪು ಮಾಡ್ಕೊಳ್ಳಿ. ರಾಗೀನ ಕಲ್ಲು ಆಯ್ದು, ನಾಲ್ಕೈದು ನೀರಲ್ಲಿ ತೊಳೆದು, ಒಂದು ರಾತ್ರಿ ನೆನೆಸಿ, ನೀರು ಬಸಿದು ಬಿಳೀ ಪಂಚೇಲಿ ಗಂಟು ಕಟ್ಟಿ ಇಡ್ತೀವಿ. ಬೇಸಿಗೇಲಿ ಮಾರನೇ ದಿನಕ್ಕೇ ಬಿಳೀ ಮೂತಿ ಕಾಣ್ತದೆ. ಮಾಗೀಲಿ ಮೂರು ದಿನ ಆದ್ರೂ ಗಂಟು ಕಲ್ಲಿನಂಗೆ ಕೂತಿರ್ತದೆ. ಆಗ ನಮ್ಮಜ್ಜಿ ಗಂಟನ್ನ ಉಗುರು ಬೆಚ್ಚಗಿನ ನೀರಲ್ಲಿ ಒಂದು ಸಲ ಅದ್ದಿ, ಮಂಕರೀಲಿ ರಾಗಿ ಹುಲ್ಲು ಹಾಸಿ, ಅದರ ನಡುವೆ ಇಟ್ಟು, ಮೇಲೆ ಕಂಬಳಿ ಮುಚ್ಚಿ ಒಲೆ ಮಗ್ಗುಲಿಗೆ ಸರಿಸೋರು. ಬಾಣಂತೀನ ನೋಡ್ಕೊಂಡಂಗೆ. ಒಳಗೆ ಕೈ ಹಾಕಿದ್ರೆ ಬಿಸಿ ಹತ್ತಿರ್ತಿತ್ತು. ಅದು ಒಲೆ ಬಿಸಿ ಮಾತ್ರ ಅಲ್ಲ, ಮೊಳಕೆ ಒಡೆಯೋ ಕಾಳು ತಾನೇ ಉಸಿರಾಡ್ತಾ ಬಿಸಿ ಬಿಡ್ತದೆ. ಹುಲ್ಲು ಕಂಬಳಿ ಮಾಡೋದು ಆ ಬಿಸಿ ಆಚೆ ಹೋಗದಂಗೆ ತಡೆಯೋ ಕೆಲಸ.

ಮೊಳಕೆ ಬಂದ ಮೇಲೆ ನೆರಳಲ್ಲಿ ಆರ್ಸಿ, ಬಿಸಿಲಲ್ಲಿ ಒಣಗ್ಸಿ, ಕೈಯಲ್ಲಿ ತಿಕ್ಕಿ ಬೇರು ಉದುರಿಸಿ, ಮೊರದಲ್ಲಿ ಕೇರಿ, ಬಾಣಲೇಲಿ ಘಮ ಬರೋವರೆಗೆ ಬೆಚ್ಚಗೆ ಮಾಡಿ ಬೀಸ್ತೀವಿ. ಇದೇ ಮಾಲ್ಟು ಕಣ್ರೇ. ಅಂಗಡೀಲಿ ಡಬ್ಬದ ಮೇಲೆ ಬರ್ಕೊಂಡು ಬರೋ ಪದ. ಬೀರಿನೋರು ಬಾರ್ಲಿಗೆ ಮಾಡೋದನ್ನೇ ನಾವು ರಾಗಿಗೆ ಮಾಡೋದು. (ಇದನ್ನ ಹುರಿಟ್ಟಿನ ಜೊತೆ ಗೊಂದಲ ಮಾಡ್ಕೋಬೇಡಿ. ಹುರಿಟ್ಟಿಗೆ ರಾಗಿ ಅರಳು ಮಾಡಿ ಬೀಸೋದು, ಅದಕ್ಕೆ ಮೊಳಕೆ ಬೇಕಿಲ್ಲ. ಈಗಿನ ಸೊಸೆಯರು ಎರಡನ್ನೂ ಒಂದೇ ಅಂತಾರೆ.)

ಒಂದು ವಿಷಯ ನೀವೆಲ್ಲ ನೋಡಿರ್ತೀರಿ, ಆದ್ರೆ ಯಾಕೆ ಅಂತ ಕೇಳಿರಲ್ಲ. ಬರೀ ರಾಗಿ ಹಿಟ್ಟಿನ ಗಂಜಿ ಗಟ್ಟಿ ಆಯ್ತದೆ, ಮೊಳಕೆ ಹಿಟ್ಟಿನ ಗಂಜಿ ಅದೇ ಅಳತೇಲಿ ಮಾಡಿದ್ರೂ ನೀರಾಗ್ತದೆ, ನಾಲಿಗೆಗೆ ಸ್ವಲ್ಪ ಸಿಹಿ ಹತ್ತುತ್ತದೆ. ಕಾಳು ಮೊಳೆಯೋವಾಗ ಅಮೈಲೇಸ್ ಅನ್ನೋ ಒಂದು ಕಿಣ್ವ ಹುಟ್ಟಿಸ್ತದೆ, ಅದು ಪಿಷ್ಟಾನ ಮುರಿದು ಸಕ್ಕರೆ ಮಾಡ್ತದೆ. ಹಂಗಾಗಿ ಕೂಸಿಗೆ ಅದೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ಹಾಕಿ ಕುಡಿಸ್ಬೋದು, ಗಂಟಲಲ್ಲಿ ಸಿಕ್ಕೋದಿಲ್ಲ. ಮೈಸೂರಿನ ಸಿ.ಎಫ್.ಟಿ.ಆರ್.ಐ.ನೋರು ಮೊಳಕೆ ರಾಗಿಯ ಮಕ್ಕಳ ಆಹಾರದ ಮೇಲೆ ಕೆಲಸ ಮಾಡಿದ್ದು ಇದೇ ಗುಣಕ್ಕಾಗಿ. ಬೀರಿನೋರಿಗೆ ಬೇಕಾಗಿರೋದೂ ಇದೇ ಗುಣ. ಮಾಲ್ಟನ್ನ ಸುಮಾರು 65 ಡಿಗ್ರಿ ಬಿಸಿ ನೀರಲ್ಲಿ ಒಂದು ಗಂಟೆ ನೆನೆಸಿದ್ರೆ ಸಿಹಿ ನೀರು ಇಳೀತದೆ. ಅದನ್ನ ಹಾಪ್ಸ್ ಅನ್ನೋ ಕಹಿ ಹೂವಿನ ಜೊತೆ ಕುದಿಸಿ, ಆರ್ಸಿ, ಯೀಸ್ಟು ಹಾಕಿದ್ರೆ ಬೀರು.

ಇಲ್ಲಿ ಬಾರ್ಲಿಗೂ ರಾಗಿಗೂ ಒಂದು ದೊಡ್ಡ ವ್ಯತ್ಯಾಸ ಐತೆ. ಬಾರ್ಲಿ ಚಳಿ ದೇಶದ್ದು, 15 ಡಿಗ್ರಿ ಆಸುಪಾಸಲ್ಲೂ ನಿಧಾನವಾಗಿ ಚೆನ್ನಾಗಿ ಮೊಳೀತದೆ. ರಾಗಿಗೆ ಅದರ ಮೇಲೆ ಹತ್ತು ಡಿಗ್ರಿ ಬೇಕು. ನಮ್ಮ ಕಡೆ ಜನವರಿ ರಾತ್ರಿ 15 ಡಿಗ್ರಿ ಅಂದ್ರೆ ಸಾಮಾನ್ಯ. ಬೆಂಗಳೂರಲ್ಲಿ 1884ರ ಜನವರಿ 13ನೇ ತಾರೀಖು 7.8 ಡಿಗ್ರಿಗೆ ಇಳಿದಿತ್ತು, ಇವತ್ತಿನವರೆಗೂ ಅದೇ ದಾಖಲೆ. ಆ ವಾರ ನಮ್ಮ ಕಡೆ ಯಾವ ಮನೇಲಿ ಮೊಳಕೆ ಬಂದಿತ್ತೋ, ಯಾವ ಹೆಪ್ಪು ಕೂತಿತ್ತೋ!

ರಾಗಿ ಯಾಕೆ ಬಿಸಿ ಕೇಳ್ತದೆ ಅಂದ್ರೆ ಅದರ ತವರೇ ಬೇರೆ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕಾದ ಇಥಿಯೋಪಿಯ, ಉಗಾಂಡ ಕಡೆ ಎತ್ತರದ ನೆಲದಲ್ಲಿ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂತು. ನಮ್ಮೋರೇ ಆದ ರಾಗಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ತಳಿಗೂ ಆಫ್ರಿಕಾ ತಳಿಗೂ ಸಂಬಂಧ ಬೆಳೆಸಿ ಹೊಸ ರಾಗಿ ತೆಗೆದ್ರಲ್ಲ, ಅದಕ್ಕೇ ಇಂಡಾಫ್ ಅಂತ ಹೆಸರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ನಮ್ಮಪ್ಪ ಇಂಡಾಫ್ ಬಿತ್ತನೆ ಚೀಲ ತಂದಾಗ ಅದೇನು ಇಂಗ್ಲಿಷ್ ಹೆಸರೋ ಅಂದ್ಕೊಂಡಿದ್ವಿ. ತವರಿನವರು ಮತ್ತೆ ಬಂದು ಸೇರಿದ್ದು ಅಂತ ಗೊತ್ತಿರಲಿಲ್ಲ.

ಆ ತವರಲ್ಲಿ ರಾಗೀನ ಏನು ಮಾಡ್ತಾರೆ ಗೊತ್ತಾ? ಉಗಾಂಡದ ತೇಸೊ ಜನ ರಾಗಿ ಹಿಟ್ಟನ್ನ ಕಲಸಿ ಹುಳಿ ಬರ್ಸಿ, ಹುರಿದು, ಅದಕ್ಕೆ ಮೊಳಕೆ ರಾಗಿ ಹಿಟ್ಟು ಸೇರ್ಸಿ ಬೀರು ಮಾಡ್ತಾರೆ. ಅದರ ಹೆಸರು ಅಜೊನ್. ನಡುವೆ ಒಂದು ದೊಡ್ಡ ಮಡಕೆ, ಸುತ್ತ ಕೂತ ಜನ, ಎಲ್ಲರ ಕೈಲೂ ಮಾರುದ್ದದ ಕೊಳವೆ. ಬಿಸಿ ನೀರು ಹುಯ್ತಾ ಹುಯ್ತಾ ಹೀರ್ತಾರೆ. ಮಾಡೋರು ಹೆಂಗಸರು.

ಇತ್ತ ನಮ್ಮ ದೇಶದಲ್ಲೇ ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹೋದ್ರೆ ಅದೇ ರಾಗಿ, ಇನ್ನೊಂದು ದಾರಿ. ಅವರು ಮೊಳಕೆ ಬರ್ಸಲ್ಲ. ಇಡೀ ರಾಗೀನ ಬೇಯ್ಸಿ, ಚಾಪೆ ಮೇಲೆ ಹರಡಿ ಆರ್ಸಿ, ಮರ್ಚಾ ಅನ್ನೋ ಪುಡಿ ಉದುರಿಸ್ತಾರೆ. ಮರ್ಚಾ ಅಂದ್ರೆ ಅಕ್ಕಿ ಹಿಟ್ಟಿಗೆ ಕಾಡಿನ ಬೇರು ಸೊಪ್ಪು ಸೇರ್ಸಿ ತಟ್ಟಿದ ಪುಟ್ಟ ಬಿಲ್ಲೆ. ಅದು ಅವರ ಹೆಪ್ಪು. ಹಳೇ ಬಿಲ್ಲೆ ಪುಡೀನ ಹೊಸ ಬಿಲ್ಲೆಗೆ ಸವರಿ ಬಿಲ್ಲೆಯಿಂದ ಬಿಲ್ಲೆಗೆ ದಾಟಿಸ್ತಾರೆ, ನಾವು ಮೊಸರಿಂದ ಮೊಸರಿಗೆ ದಾಟಿಸೋ ಹಂಗೆ. ಆಮೇಲೆ ರಾಗೀನ ಜರಿಗಿಡದ ಎಲೇಲಿ ಸುತ್ತಿ ಬೆಚ್ಚಗಿಟ್ಟು, ಒಂದೆರಡು ದಿನ ಬಿಟ್ಟು ಮಡಕೆಗೆ ತುಂಬಿ ಬಾಯಿ ಕಟ್ತಾರೆ. ಬೇಸಿಗೇಲಿ ಮೂರ್ನಾಲ್ಕು ದಿನಕ್ಕೆ ಆಗೋದು ಚಳೀಲಿ ವಾರ ತಗೋತದೆ. ತೊಂಗ್ಬಾ ಅನ್ನೋ ಬಿದಿರ ಪಾತ್ರೆಗೆ ಆ ರಾಗಿ ತುಂಬಿ ಬಿಸಿನೀರು ಹುಯ್ದು ಸಣ್ಣ ಬಿದಿರ ಕೊಳವೇಲಿ ಹೀರ್ತಾರೆ. ಹಿಮದ ಊರಲ್ಲಿ ಮೈ ಕಾಯಿಸ್ಕೊಳ್ಳೋ ದಾರಿ. ಮರ್ಚಾ ತಟ್ಟೋರೂ ಅಲ್ಲಿನ ಹೆಂಗಸರೇ.

ನಮ್ಮ ಅಂಬಲಿ ಈ ಎರಡರ ನಡುವೆ ನಿಂತುಬಿಟ್ಟ ತಂಗಿ. ಸಂಜೆ ರಾಗಿ ಹಿಟ್ಟನ್ನ ಮಡಕೇಲಿ ನೀರಿಗೆ ಕಲಸಿಟ್ಟು, ಬೆಳಿಗ್ಗೆ ಹುಳಿ ವಾಸನೆ ಬಂದ ಮೇಲೆ ಕಾಯ್ಸಿ, ಆರಿದ ಮೇಲೆ ಮಜ್ಜಿಗೆ, ಉಪ್ಪು, ಈರುಳ್ಳಿ. ಮೊಳಕೆ ಇಲ್ಲದ ಹಿಟ್ಟಲ್ಲಿ ಸಕ್ಕರೆ ಕಮ್ಮಿ, ಬಿಡೋ ಹೊತ್ತೂ ಒಂದೇ ರಾತ್ರಿ. ಅಲ್ಲಿ ಕೆಲಸ ಮಾಡೋದು ಮೊಸರು ಮಾಡೋ ಜಾತಿಯ ಜೀವಿಗಳೇ. ಹುಳಿ ಬರ್ತದೆ, ನಶೆ ಬರಲ್ಲ. ಮಡಕೇನ ಪೂರ್ತಿ ಸೋಪ್ ಹಾಕಿ ತಿಕ್ಕಬೇಡ ಅಂತ ಅಜ್ಜಿ ಬೈತಿದ್ದಿದ್ದು ಜ್ಞಾಪಕ ಐತಾ? ಮಣ್ಣಿನ ಸಣ್ಣ ಸಣ್ಣ ತೂತಲ್ಲಿ ನೆನ್ನೆ ಹುಳಿ ಉಳಿದಿದ್ರೆ ಚಳೀಲೂ ಇವತ್ತಿನದಕ್ಕೆ ಬೇಗ ಹತ್ತುತ್ತದೆ. ಬಿಲ್ಲೆ ಇಲ್ಲದ ಮರ್ಚಾ ಅದು.

ನಮ್ಮೂರ ಚರಿತ್ರೆ ಹೇಳೋರು ರಣಭೈರೇಗೌಡರಿಂದ ಶುರು ಮಾಡ್ತಾರೆ. ಏಳು ಜನ ಅಣ್ಣ ತಮ್ಮಂದಿರು, ಮೊರಸು ಒಕ್ಕಲಿಗರು, ಮನೆ ಹೆಣ್ಣುಮಗಳನ್ನ ಬಲವಂತವಾಗಿ ಕೇಳಿದ ಪಾಳೇಗಾರನಿಂದ ತಪ್ಪಿಸ್ಕೊಂಡು ಕಂಚಿ ಕಡೆಯಿಂದ ಗಾಡಿ ಕಟ್ಕೊಂಡು ಬಂದು ಇಲ್ಲಿ ಬೆಟ್ಟದ ಬುಡದಲ್ಲಿ ಇಳಿದ್ರು ಅನ್ನೋ ಕಥೆ. ಅವರ ವಂಶದೋರೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಆಳಿದ್ದು, 1501ರಲ್ಲಿ ಮಲ್ಲಭೈರೇಗೌಡರು ದೇವನಹಳ್ಳಿ ಕೋಟೆ ಕಟ್ಟಿಸಿದ್ದು. ಕಥೇಲಿ ಗಾಡಿ ಐತೆ, ಹೊಳೆ ದಾಟಿದ್ದು ಐತೆ, ಕತ್ತಿ ಐತೆ. ಗಾಡೀಲಿ ಹೆಪ್ಪಿನ ಕುಡಿಕೆ ಇತ್ತು ಅಂತ ಯಾರೂ ಬರ್ದಿಲ್ಲ. ಇದ್ದೇ ಇರ್ಬೇಕು ಅಂತ ನನ್ನ ಊಹೆ. ಅಷ್ಟು ದೂರ ಕೂಸುಗಳನ್ನ ಕಟ್ಕೊಂಡು ಬಂದ ಹೆಂಗಸರು ಅದನ್ನ ಬಿಟ್ಟು ಬಂದಿರ್ತಾರಾ?

ಹೆಂಗಸರ ಕೈಲಿದ್ದ ಕೆಲಸ ಹೆಂಗೆ ಕೈತಪ್ಪಿತು ಅನ್ನೋದಕ್ಕೆ ಬೀರಿನ ಚರಿತ್ರೇನೇ ಸಾಕ್ಷಿ. ಈಗಿನ ಇರಾಕಿನಲ್ಲಿ ಸುಮೇರಿಯನ್ನರು ಅಂತ ಇದ್ರು. ಅವರ ಬೀರಿನ ದೇವತೆ ಹೆಣ್ಣು, ನಿನ್‌ಕಾಸಿ ಅಂತ. ಅವಳ ಮೇಲಿನ ಹಾಡಿಗೆ ಸುಮಾರು 3800 ವರ್ಷ. ಇಂಗ್ಲೆಂಡಿನ ಹಳ್ಳಿಗಳಲ್ಲೂ ಸುಮಾರು 1350ರವರೆಗೆ ಬಾರ್ಲಿ ಏಲ್ ಮಾಡ್ತಿದ್ದೋರು ಹೆಚ್ಚಾಗಿ ಹೆಂಗಸರು. ಅದು ನಾಲ್ಕೈದು ದಿನಕ್ಕೆ ಹುಳಿ ಆಗ್ತಿತ್ತು. ಹಂಗಾಗಿ ದೂರ ಸಾಗಿಸೋಕೆ ಆಗ್ತಿರಲಿಲ್ಲ, ಮನೇಲಿ ಮಾಡ್ಕೊಂಡು ಉಳಿದಿದ್ದನ್ನ ಬೀದಿಯೋರಿಗೆ ಮಾರ್ತಿದ್ರು. ಆಮೇಲೆ ಹಾಪ್ಸ್ ಹೂವು ಹಾಕೋ ಪದ್ಧತಿ ಬಂತು. ಹಾಪ್ಸ್ ಹಾಕಿದ್ರೆ ಕೆಡಲ್ಲ ಅಂತ 12ನೇ ಶತಮಾನದಲ್ಲೇ ಬರೆದಿಟ್ಟೋಳು ಜರ್ಮನಿಯ ಒಬ್ಬ ಸನ್ಯಾಸಿನಿ, ಬಿಂಗೆನ್ನಿನ ಹಿಲ್ಡೆಗಾರ್ಡ್. ಕೆಡದೇ ಇರೋ ಸರಕು ಬಂದ ಮೇಲೆ ದೊಡ್ಡ ಹಂಡೆ, ದೊಡ್ಡ ಬಂಡವಾಳ, ಗಂಡಸರ ಸಂಘ. ಹೆಂಗಸರು ಹೊರಗೆ. ಹೆಣ್ಣು ಬರೆದಿಟ್ಟ ಗುಣದಿಂದಲೇ ಹೆಂಗಸರ ಕಸುಬು ಹೋಯ್ತು ನೋಡಿ!

ಇನ್ನು ಚಳಿಗೆ ಬರೋಣ. ನಮಗೆ ಚಳಿ ಶತ್ರು, ಜರ್ಮನಿಯ ಬವೇರಿಯಾದೋರಿಗೆ ಅದೇ ಮಿತ್ರ. ಬೇಸಿಗೇಲಿ ಮಾಡಿದ ಬೀರು ಕೆಡ್ತದೆ ಅಂತ 1553ರಲ್ಲಿ ಅಲ್ಲಿ ಕಟ್ಟಳೆ ಬಂತು. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬೀರು ಮಾಡ್ಬೇಕು. ತಣ್ಣಗಿನ ನೆಲಮಾಳಿಗೇಲಿ ವರ್ಷ ವರ್ಷ ಮಾಡ್ತಾ ಮಾಡ್ತಾ ಚಳೀಲೂ ಕೆಲಸ ಮಾಡೋ ಒಂದು ಜಾತಿ ಯೀಸ್ಟೇ ಮೇಲುಗೈ ಆಯ್ತು. ಅದು ಹತ್ತು ಡಿಗ್ರೀಲೂ ಮಲಗಲ್ಲ, ನಿಧಾನವಾಗಿ ತಳದಲ್ಲಿ ಕೂತು ದುಡೀತದೆ. ಲಾಗರ್ ಬೀರು ಅನ್ನೋದು ಅದರ ಮಗು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸೆನ್ ಅನ್ನೋರು ಆ ಯೀಸ್ಟನ್ನ ಒಂಟಿಯಾಗಿ ಬೇರ್ಪಡಿಸಿ ಬೆಳೆಸಿದ್ರು. ಅಲ್ಲೀವರೆಗೂ ಎಲ್ಲರದ್ದೂ ನಮ್ಮ ಹೆಪ್ಪಿನ ಲೆಕ್ಕವೇ. ಚೆನ್ನಾಗಿ ಬಂದ್ರೆ ನಮ್ಮ ಕೈಗುಣ, ಕೆಟ್ರೆ ಪಕ್ಕದ ಮನೆಯವರ ಕಣ್ಣು.

ಬ್ರಿಟಿಷರ ಸಿಪಾಯಿಗಳಿಗೆ ಬೀರು ಬೇಕು, ಈ ದೇಶದಲ್ಲಿ ಚಳಿ ಇಲ್ಲ. ಹಡಗಲ್ಲಿ ತರ್ಸೋದು ದುಬಾರಿ. ಅದಕ್ಕೇ ಅವರು ಬೆಟ್ಟ ಹುಡುಕಿದ್ರು. ಹಿಮಾಲಯದ ಕಡೆ ಕಸೌಲಿ, ನಮ್ಮ ಕಡೆ ನೀಲಗಿರಿ. ನೀಲಗಿರೀಲಿ ಕ್ಯಾಸಲ್ ಬ್ರೂವರಿ ಶುರುವಾಗಿದ್ದು 1857ರಲ್ಲಿ. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ದಂಡನ್ನ ಬೆಂಗಳೂರಿಗೆ ಸಾಗಿಸಿದ್ರಲ್ಲ, ಮೂರು ಸಾವಿರ ಅಡಿ ಎತ್ತರದ ಈ ತಂಪು ಬೀರಿಗೂ ಹಿಡಿಸ್ತು. ಬೆಂಗಳೂರು ಬ್ರೂಯಿಂಗ್ ಕಂಪನಿ 1885ರದ್ದು. 1915ರಲ್ಲಿ ಥಾಮಸ್ ಲೀಷ್ಮನ್ ಅನ್ನೋ ಸ್ಕಾಟ್ಲೆಂಡಿನೋರು ದಕ್ಷಿಣದ ಐದು ಬ್ರೂವರಿ ಸೇರ್ಸಿ ಯುನೈಟೆಡ್ ಬ್ರೂವರೀಸ್ ಮಾಡಿದ್ರು. ಪೀಪಾಯಿ ತುಂಬಿ ಎತ್ತಿನ ಗಾಡೀಲಿ ದಂಡಿಗೆ ಸಾಗಿಸ್ತಿದ್ರಂತೆ. 1947ರಲ್ಲಿ ವಿಟ್ಠಲ್ ಮಲ್ಯ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದ್ರು. ಈಗ ಯು.ಬಿ. ಸಿಟಿ ಅಂತ ನಮ್ಮ ಹುಡುಗೀರು ಫೋಟೋ ತೆಗೆಸ್ಕೊಂಡು ಬರ್ತಾರಲ್ಲ, ಅಲ್ಲಿ ಮೊದಲು ಬೀರಿನ ಕಾರ್ಖಾನೆ ಇತ್ತು. ಬೆಂಗಳೂರಿನ ಚಳಿಗೆ ಇಂಥಾ ಲೆಕ್ಕವೂ ಇತ್ತು ಅಂತ ನಾವು ಯಾರಾದ್ರೂ ಅಂದ್ಕೊಂಡಿದ್ವಾ?

ಹಂಗಂತ ಬೀರು ಬರೋ ಮುಂಚೆ ನಮ್ಮೋರು ಮಜ್ಜಿಗೆ ಒಂದೇ ಕುಡೀತಿದ್ರು ಅಂತ ಹೇಳಲ್ಲ. ಈಚಲು ಮರ ಇರೋ ಊರಲ್ಲಿ ಹೆಂಡ ಇದ್ದೇ ಇತ್ತು. ಹೆಂಡ ಮಾರೋದೇ ಕಾಯಕವಾಗಿದ್ದ ಹೆಂಡದ ಮಾರಯ್ಯ 12ನೇ ಶತಮಾನದ ಶರಣರಲ್ಲಿ ಒಬ್ಬರು. ದೇವನಹಳ್ಳೀಲಿ ಹುಟ್ಟಿದ ಟಿಪ್ಪು ತನ್ನ ರಾಜ್ಯದಲ್ಲಿ ಕುಡಿತ ನಿಲ್ಲಿಸೋಕೆ ಹೊರಟಿದ್ದೂ ಚರಿತ್ರೆ. ಇನ್ನು ರಾಜರತ್ನಂ ಅವರ ಯೆಂಡ್ಕುಡ್ಕ ರತ್ನನ ಪದಗಳನ್ನ ಹಾಡದೋರು ಯಾರು? ಅದು ನಮ್ಮ ಮಾತಿಗೆ ಬಂದ ಮರ್ಯಾದೆ, ನಾನೂ ಹಾಡ್ತೀನಿ. ಆದ್ರೆ ಹಾಡೋವಾಗೆಲ್ಲ ಪುಟ್ನಂಜಿ ಏನು ಹೇಳ್ತಿದ್ಲೋ ಅಂತ ಒಂದು ಕ್ಷಣ ಅನ್ನಿಸ್ತದೆ.

ಸಾರಾಯಿ ಮಾತ್ರ ಬೇರೆ ಜಾತಿ. ಅದು ಮನೇಲಿ ಹುಳಿ ಬಂದಿದ್ದಲ್ಲ, ಬಟ್ಟಿ ಇಳಿಸಿ ಪಾಕೀಟಲ್ಲಿ ಕಟ್ಟಿ ಬೀದಿಗೆ ಬಂದಿದ್ದು. 1992ರಲ್ಲಿ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆ ದೂಬಗುಂಟದ ಹೆಂಗಸರು ಎದ್ದು ನಿಂತ್ರು, ಮಾರನೇ ವರ್ಷ ಅಲ್ಲಿ ಸಾರಾಯಿ ನಿಂತಿತು. ನಮ್ಮ ರಾಜ್ಯದಲ್ಲಿ ನಿಂತಿದ್ದು 2007ರ ಜುಲೈ 1ಕ್ಕೆ. ನನ್ನ ತಂಗಿ ಮನೆಯ ಹೊಲ ಅಷ್ಟೊತ್ತಿಗೆ ಹೋಗಿ ಹದಿನೈದು ವರ್ಷ ಆಗಿತ್ತು. 2019ರ ಜನವರೀಲಿ, ಇದೇ ಚಳೀಲಿ, ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ತುಮಕೂರು, ನೆಲಮಂಗಲ ದಾಟಿ ಬೆಂಗಳೂರಿಗೆ ನಡೆದ್ರು, ಕುಡಿತ ಪೂರ್ತಿ ನಿಲ್ಲಿಸಿ ಅಂತ. 200 ಕಿಲೋಮೀಟರು. ಅದು ನಿಂತಿಲ್ಲ. ಅವರ ಕಾಲಿನ ಬೊಬ್ಬೆ ಲೆಕ್ಕಕ್ಕೆ ಬರಲೇ ಇಲ್ಲ.

ಕಾನೂನಿನ ಮಾತು ಒಂದು ಹೇಳ್ಬಿಡ್ತೀನಿ, ಯಾಕಂದ್ರೆ ನಮ್ಮ ಮನೆ ಹುಡುಗರು ಆನ್‌ಲೈನಲ್ಲಿ ಡಬ್ಬ ತರ್ಸಿ ಶುರು ಮಾಡೋ ಕಾಲ ಇದು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ನಶೆ ಪದಾರ್ಥ ತಯಾರು ಮಾಡೋ ಹಂಗಿಲ್ಲ, ಬೀರೂ ಅದರಲ್ಲಿ ಸೇರ್ತದೆ. ಆವತೀಲಿ ಮಾಡಿದ್ರೆ ತಪ್ಪು, ಕೆನಡಾದಲ್ಲಿ ಮಾಡಿದ್ರೆ ಹವ್ಯಾಸ.

ಕೊನೆಗೆ ಅವನಿಗೆ ಹೇಳ್ದೆ. ತಂಗಿ ಎದುರಿಗೇ ಸ್ಪೀಕರ್ ಹಾಕಿ ಹೇಳ್ದೆ, ಕದ್ದು ಹೇಳಲಿಲ್ಲ. ನೀನು ಹಾಕಿರೋದು ಯಾವ ಯೀಸ್ಟು ಪ್ಯಾಕೆಟ್ ಮೇಲೆ ಓದು ಅಂದೆ. ಏಲ್ ಯೀಸ್ಟು ಅಂದ. ಅದಕ್ಕೆ 18ರಿಂದ 22 ಡಿಗ್ರಿ ಬೇಕು, ಅವನ ಕೆಳಗಿನ ರೂಮು 13. ಮಲಗಿದೆ, ಸತ್ತಿಲ್ಲ, ಬಿಸಾಕ್ಬೇಡ ಅಂದೆ. ಪಾತ್ರೇನ ಮೇಲಿನ ಮನೆಗೆ ತಂದು, ಅಗಲವಾದ ಟಬ್ಬಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಅದರೊಳಗೆ ಕೂರ್ಸಿ, ಕಂಬಳಿ ಸುತ್ತು. ಸ್ಟವ್ ಮೇಲೆ ಇಟ್ಟು ಕಾಯ್ಸೋಕೆ ಮಾತ್ರ ಹೋಗ್ಬೇಡ, ಕೈ ಸುಡೋ ಬಿಸಿಗೆ ಹುದುಗು ಸತ್ತೇ ಹೋಗ್ತದೆ. ಬಿಸಿ ಹಾಲಿಗೆ ಹೆಪ್ಪು ಹಾಕಿದ್ರೆ ಏನಾಯ್ತದೋ ಅದೇ. ಮುಂದಿನ ಸಲ ಒಣ ಯೀಸ್ಟನ್ನ ಸ್ವಲ್ಪ ಬೆಚ್ಚಗಿನ ನೀರಲ್ಲಿ ನೆನೆಸಿ ಎಬ್ಬಿಸಿ ಆಮೇಲೆ ಹಾಕು. ಇಲ್ಲಾಂದ್ರೆ ಆ ರೂಮಿನ ಚಳಿಗೇ ಒಗ್ಗೋ ಲಾಗರ್ ಯೀಸ್ಟು ತಗೋ, ಬವೇರಿಯಾದೋರಂಗೆ ತಿಂಗಳುಗಟ್ಟಲೆ ಕಾಯಿ.

ಮೂರನೇ ದಿನ ಗುಳ್ಳೆ ಏಳೋ ವಿಡಿಯೋ ಕಳಿಸ್ದ. ತಂಗಿ ನೋಡಿದ್ಲು, ಏನೂ ಅನ್ನಲಿಲ್ಲ. ಸಂಜೆ ಅವಳೇ ಫೋನ್ ಮಾಡಿ ಮಗನಿಗೆ ಹೇಳಿದ್ದು ಇಷ್ಟೇ: "ನಿನ್ನ ಹೆಂಡ್ತಿಗೆ ಆರು ತಿಂಗಳು. ನಾನು ಮಾರ್ಚಿಗೆ ಬರೋವಾಗ ಎರಡು ಸೇರು ರಾಗಿ ತರ್ತೀನಿ. ಆ ಟಬ್ಬು, ಆ ಕಂಬಳಿ ಖಾಲಿ ಮಾಡಿ ಇಟ್ಟಿರು, ನನಗೆ ಮೊಳಕೆ ಕಟ್ಟೋಕೆ ಬೇಕು."

ರಾಗಿ ಆಯ್ತಾ ಕೂತವ್ಳೆ ಈಗ, ನಮ್ಮ ಜಗಲೀಲೇ. ಹಳೇ ರಾಗೀಲಿ ಮೊಳಕೆ ಸರಿಯಾಗಿ ಬರಲ್ಲ ಅಂತ ಈ ವರ್ಷದ್ದೇ ಬೇಕಂತೆ. ಜಿಪಿಯು 28 ಐತೆ ನನ್ನ ಹತ್ರ, ಹೊಸದು. ನಿಮ್ಮಲ್ಲಿ ಯಾರ ಮನೇಲಾದ್ರೂ ಹಳೇ ನಾಟಿ ರಾಗಿ ಈ ಸಲ ಬೆಳೆದಿದ್ರೆ ಒಂದು ಪಾವು ಕೊಡಿ. ಎರಡನ್ನೂ ಒಂದೇ ರಾತ್ರಿ ನೆನೆಸಿ, ಈ ಚಳೀಲಿ ಯಾವುದು ಮೊದಲು ಮೂತಿ ತೋರ್ಸ್ತದೆ ನೋಡೋಣ ಅಂತ ಪಂಥ ಕಟ್ಟಿದೀವಿ.